ಸಂದುಬಳ್ಳಿಯನ್ನು ಪರೀಕ್ಷೆಗೆ ಒಡ್ಡುವ ಬಗೆ

ಆಯುರ್ವೇದದ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬರು ಈಚೆಗೆ ನಮ್ಮ ಮೂಳೆ ವಿಭಾಗಕ್ಕೆ ಬಂದು, ಮುರಿದ ಮೂಳೆ ಕೂಡುವುದರಲ್ಲಿ ಸಂದುಬಳ್ಳಿಯ ಪಾತ್ರವೇನೆಂದು ಸಂಶೋಧನೆ ಮಾಡುವ ಆಸೆಯಿದೆ, ಆದರೆ ಹೇಳಿದರೆ ನೀವು ನಗುತ್ತೀರೇನೋ ಸರ್, ಎಂದು ಹಿಂಜರಿದರು. ನಗುವಂಥದ್ದು ಅದರಲ್ಲಿ ಏನೂ ಇಲ್ಲ. ಕರಾವಳಿಯಲ್ಲಿ 1920ರಲ್ಲಿ ಹುಟ್ಟಿದ ಡಾ. ಕೆ. ಎನ್. ಉಡುಪರು ಈ ದಾರಿಯನ್ನು ಆಗಲೇ ತುಳಿದಿದ್ದಾರೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಆಯುರ್ವೇದ ಕಲಿತು, ಅಮೆರಿಕಕ್ಕೆ ಹೋಗಿ ಶಸ್ತ್ರಚಿಕಿತ್ಸಕರಾಗಿ, ಮತ್ತೆ ಬನಾರಸ್‌ಗೇ ಮರಳಿದ ಅವರು 1958ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಆಯುರ್ವೇದ ಸಮಿತಿಯ ಅಧ್ಯಕ್ಷರೂ ಆಗಿದ್ದರು.

ಮಂಗರವಳ್ಳಿ ಎಂದರೂ ಇದೇ ಬಳ್ಳಿ. ನಾರು ತೆಗೆದು, ನಾಲಿಗೆ ತುರಿಸದಂತೆ ಹುಣಸೆಹಣ್ಣು ಹಾಕಿ ಚಟ್ನಿ ಅರೆಯುವ ಮನೆಗಳಿಗೆ ಅದನ್ನು ಪರಿಚಯಿಸಬೇಕಿಲ್ಲ. ಉಡುಪರು ಮತ್ತು ಅವರ ಸಹೋದ್ಯೋಗಿ ಜಿ. ಸಿ. ಪ್ರಸಾದ್ 1960ರ ದಶಕದಲ್ಲಿ ಪ್ರಾಣಿಗಳ ಮೂಳೆ ಮುರಿತದ ಮೇಲೆ ಅದರ ಪರಿಣಾಮವನ್ನು ಪರೀಕ್ಷಿಸಿದರು. ಬಳ್ಳಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಹೋಗದೆ, ಕೂಡಿದ ಮೂಳೆ ಎಷ್ಟು ಬಲ ತಡೆಯುತ್ತದೆ, ಹೊಸ ಮೂಳೆ ಕಟ್ಟಿಕೊಳ್ಳುವುದರ ಗುರುತಾಗಿ ವಿಕಿರಣಶೀಲ ಕ್ಯಾಲ್ಸಿಯಂ-45 ಮುರಿತದ ಜಾಗದಲ್ಲಿ ಎಷ್ಟು ಸೇರುತ್ತದೆ ಎಂದು ಅಳೆದರು. ಮೂಳೆ ಬೇಗ ಕೂಡುತ್ತದೆ ಎಂದು ಅವರ ವರದಿಗಳು ಹೇಳಿದವು. ಪ್ರಾಣಿಯಲ್ಲಿ ಕಂಡದ್ದು ಮನುಷ್ಯನಲ್ಲೂ ಹಾಗೆಯೇ ಆಗಬೇಕೆಂದಿಲ್ಲ. ಆದರೂ ಅಳೆಯಬಹುದಾದ ಪ್ರಶ್ನೆಯೊಂದನ್ನು ಹಿಡಿದದ್ದೇ ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ.

ಮನುಷ್ಯರಲ್ಲಿ ಇದನ್ನು ಪರೀಕ್ಷಿಸುವುದು ಕಷ್ಟ, ಏಕೆಂದರೆ ಹೆಚ್ಚಿನ ಮುರಿತಗಳು ಔಷಧವಿಲ್ಲದೆಯೂ ಕೂಡುತ್ತವೆ. ಮಗುವಿನ ಮೊಣಕೈ ಮೇಲಿನ ಮುರಿತ ಮೂರು ನಾಲ್ಕು ವಾರಗಳಲ್ಲಿ ಅಂಟಿಕೊಳ್ಳುತ್ತದೆ. ಆ ಅವಧಿಯಲ್ಲಿ ಸೊಪ್ಪು ಅರೆದು ಹಚ್ಚಿದವರಿಗೂ ಯಶಸ್ಸು, ಬರೀ ಪ್ಲಾಸ್ಟರ್ ಹಾಕಿದ ನಮಗೂ ಯಶಸ್ಸು. ಆದ್ದರಿಂದ ಒಂದೇ ಬಗೆಯ ಮುರಿತ, ಒಂದೇ ವಯೋಮಾನ, ಚೀಟಿ ಎತ್ತಿದಂತೆ ವಿಂಗಡಿಸಿದ ಎರಡು ಗುಂಪುಗಳು, ಯಾರು ಯಾವ ಗುಂಪಿನವರೆಂದು ತಿಳಿಯದೆ ಎಕ್ಸ್‌ರೇ ಓದುವ ವೈದ್ಯರು, ಇಷ್ಟೂ ಇಲ್ಲದ ಅಧ್ಯಯನವನ್ನು ನಾನು ಒಪ್ಪುವುದಿಲ್ಲ ಎಂದು ಆಕೆಗೆ ಹೇಳಿದೆ. ಅಲೋಪಥಿ ಮಾತ್ರೆಗಳ ಬಗ್ಗೆಯೂ ನನ್ನ ಹಟ ಇದೇ.

ಬಳ್ಳಿಯ ಪ್ರಶ್ನೆ ಬೇರೆ, ಕಟ್ಟಿನ ಪ್ರಶ್ನೆ ಬೇರೆ. ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು ಬಿಗಿದ ಕಟ್ಟಿನೊಂದಿಗೆ, ಬೆರಳು ಕಪ್ಪಾದ ಮೇಲೆ ಬರುವ ಮಕ್ಕಳನ್ನು ನಾನು ನೋಡಿದ್ದೇನೆ; ಅವರಲ್ಲಿ ಕೆಲವರಿಗೆ ಮೂಳೆ ಚೆನ್ನಾಗಿಯೇ ಕೂಡಿತ್ತು, ಕೈ ಮಾತ್ರ ಉಳಿದಿರಲಿಲ್ಲ. ಬಾವು ಏರಿದಂತೆ ಬಿಗಿ ಕಟ್ಟಿನೊಳಗೆ ಒತ್ತಡ ಹೆಚ್ಚಿ, ಸ್ನಾಯುಗಳಿಗೆ ರಕ್ತ ಹರಿಯದೆ, ಆರು ಗಂಟೆಗಳಷ್ಟರಲ್ಲಿ ಸರಿಪಡಿಸಲಾಗದ ಹಾನಿ ಆಗಬಹುದು. ಆಮೇಲೆ ಬೆರಳುಗಳು ಹಕ್ಕಿಯ ಪಂಜದಂತೆ ಮಡಚಿಕೊಳ್ಳುವ ಸ್ಥಿತಿಯನ್ನು ಜರ್ಮನಿಯ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು. ನಮ್ಮ ಪ್ಲಾಸ್ಟರ್ ಬಿಗಿಯಾದರೂ ಇದೇ ಗತಿ, ಅದನ್ನೂ ಒಪ್ಪಿಕೊಳ್ಳಬೇಕು.

ಇದನ್ನು ಹೇಳುತ್ತಿದ್ದಾಗ ವಿದ್ಯಾರ್ಥಿನಿ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ ಎಂಬ ಭಾಗವನ್ನು ನೆನಪಿಸಿದರು. ಕಟ್ಟು ಸಡಿಲವಾದರೆ ಸಂಧಿ ಸ್ಥಿರವಾಗದು, ಬಿಗಿಯಾದರೆ ಬಾವು, ನೋವು, ಕೀವು; ಆದ್ದರಿಂದ ಕಟ್ಟು ಹದವಾಗಿರಬೇಕು, ಮತ್ತು ತಂಪು ಕಾಲದಲ್ಲಿ ಏಳು ದಿನಕ್ಕೆ, ಸಾಧಾರಣ ಕಾಲದಲ್ಲಿ ಐದು ದಿನಕ್ಕೆ, ಬೇಸಿಗೆಯಲ್ಲಿ ಮೂರು ದಿನಕ್ಕೆ ಬಿಚ್ಚಿ ಕಟ್ಟಬೇಕು ಎಂದು ಅಲ್ಲಿದೆ. ನಾಟಿ ಕಟ್ಟಿನ ಹೆಸರಿನಲ್ಲಿ ಈ ಮಾತನ್ನೇ ಮರೆತವರನ್ನು ಆಯುರ್ವೇದದ ಪರವೆಂದು ನಾನು ಎಣಿಸಲಾರೆ.

ಆಕೆಯ ಪ್ರಬಂಧದ ಮೊದಲ ಕರಡಿನಲ್ಲಿ ಬಳ್ಳಿಯ ಗುಣಗಳಿಗೆ ಹನ್ನೆರಡು ಪುಟ, ಸುರಕ್ಷತೆಗೆ ಅರ್ಧ ಪುಟವಿತ್ತು. ರೋಗಿಯ ಬೆರಳು ಯಾರು, ಎಷ್ಟು ಹೊತ್ತಿಗೊಮ್ಮೆ ನೋಡುತ್ತಾರೆ, ಬೆರಳನ್ನು ಎಳೆದು ನೇರ ಮಾಡಿದಾಗ ತಡೆಯಲಾರದ ನೋವಿದ್ದರೆ ರಾತ್ರಿ ಎರಡು ಗಂಟೆಗೂ ಕಟ್ಟನ್ನು ಬಿಚ್ಚುವ ಅಧಿಕಾರ ಯಾರಿಗೆ, ಇಷ್ಟನ್ನು ಮೊದಲು ಬರೆದುಕೊಂಡು ಬನ್ನಿ ಎಂದು ಅದನ್ನು ಹಿಂದಿರುಗಿಸಿದ್ದೇನೆ.