ಚೀಲದ ಕೆಳಗೆ ಹೋಗಬೇಕು

ಒಂದೇ ದಿನದಲ್ಲಿ ಕಾಟಾ, ಅಂದರೆ ತೂಕದ ಯಂತ್ರ, ನಮ್ಮನ್ನು ಎರಡು ಸಲ ಕಾಡಿತು. 2024ರ ಆಗಸ್ಟ್ 7. ಮಧ್ಯಾಹ್ನದ ಹೊತ್ತಿಗೆ ಪ್ಯಾರಿಸ್‌ನಿಂದ ಸುದ್ದಿ ಬಂತು. 50 ಕೆ.ಜಿ. ಕುಸ್ತಿಯಲ್ಲಿ ಫೈನಲ್ ತಲುಪಿದ್ದ ವಿನೇಶ್ ಫೋಗಟ್ 100 ಗ್ರಾಂ ಜಾಸ್ತಿ ತೂಗಿದರಂತೆ, ಆಟದಿಂದಲೇ ಹೊರಗೆ. ಗಂಗಾವತಿಯ ಚಹಾದಂಗಡಿಗಳಲ್ಲಿ ಅವತ್ತು ಬೇರೆ ಮಾತೇ ಇರಲಿಲ್ಲ. ರಾತ್ರಿ ಊಟ ಮುಗಿಸಿ ಮಗಳ ಜೊತೆ ಟಿವಿ ಮುಂದೆ ಕೂತೆ. ಈ ಸಲ ಮಹಿಳೆಯರ 49 ಕೆ.ಜಿ. ವೇಟ್‌ಲಿಫ್ಟಿಂಗ್. ಮೀರಾಬಾಯಿ ಚಾನು ಸ್ನ್ಯಾಚ್‌ನಲ್ಲಿ (ಒಂದೇ ಏಟಿಗೆ ತಲೆಯ ಮೇಲೆ) 88, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲೆ) 111, ಒಟ್ಟು 199 ಕೆ.ಜಿ. ಎತ್ತಿದರು. ಥಾಯ್ಲೆಂಡ್‌ನ ಸುರೋದ್ಚನಾ ಖಂಬಾವೊ 88 ಮತ್ತು 112, ಒಟ್ಟು 200. ಕಂಚು ಒಂದು ಕೆ.ಜಿ.ಯಲ್ಲಿ ಕೈ ತಪ್ಪಿತು. ಕೊನೆಯ ಸಲ ಹಾಕಿಸಿದ್ದ 114 ಎದ್ದಿದ್ದರೆ ಪದಕ ನಮ್ಮದೇ.

ಮೂರು ದಿನ ಕಳೆದ ಮೇಲೆ ತುಂಗಭದ್ರಾ ಜಲಾಶಯದ 19ನೇ ಗೇಟ್ ಚೈನು ಕಡಿದು ಕೊಚ್ಚಿಹೋಯಿತು. ಊರಿನ ಮಾತೆಲ್ಲ ಆ ಕಡೆ ತಿರುಗಿತು. ಭತ್ತ ನಂಬಿದ ಊರು, ತಪ್ಪಲ್ಲ. ಆದರೆ ಟಿವಿ ಮುಂದೆ ಕೂತ ಆ ರಾತ್ರಿ ಮಗಳು ಕೇಳಿದ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ.

"ಅಪ್ಪಾ, ನಾ 46 ಕೇಜಿ ಅದೀನಿ. ಆಕಿ 49. ಮೂರ ಕೇಜಿ ಒಳಗ ಅಷ್ಟ ಶಕ್ತಿ ಎಲ್ಲಿಂದ ಬಂತು?"

ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು ನಾನು. "ಪ್ರಾಕ್ಟೀಸ್ ಕಣವ್ವಾ" ಅಂದುಬಿಟ್ಟೆ. ಸುಮ್ನೆ ಜಾರಿಕೊಳ್ಳುವ ಉತ್ತರ ಅದು. ಅವಳಿಗೂ ಗೊತ್ತಾಯಿತು.

ಸರಿಯಾದ ಉತ್ತರದ ಮೊದಲ ತುಂಡು ಸಿಕ್ಕಿದ್ದು ನವೆಂಬರ್‌ನಲ್ಲಿ, ಎಪಿಎಂಸಿ ಯಾರ್ಡಿನಲ್ಲಿ. ನಮ್ಮ ಕಡೆ ಭತ್ತದ ಲೆಕ್ಕವೆಲ್ಲ 75 ಕೆ.ಜಿ. ಚೀಲದ್ದು. ಮಗಳು ಕಾಟಾದ ಮೇಲೆ ನಿಂತಳು, ಆಮೇಲೆ ಪಕ್ಕದಲ್ಲಿದ್ದ ಚೀಲ ನೋಡಿದಳು. ಮೀರಾಬಾಯಿಯ ಸ್ನ್ಯಾಚ್ ಅಂದರೆ ಆ ಚೀಲ, ಅದರ ಮೇಲೆ ಒಂದು ಸಣ್ಣ ಕೊಡ ನೀರು. ಕ್ಲೀನ್ ಅಂಡ್ ಜರ್ಕ್ ಅಂದರೆ ಹೆಚ್ಚುಕಡಿಮೆ ಒಂದೂವರೆ ಚೀಲ. ಐದಡಿಯೂ ಇಲ್ಲದ ಹೆಂಗಸು ಅದನ್ನು ತಲೆಯ ಮೇಲೆ, ಕೈ ನೆಟ್ಟಗೆ ಮಾಡಿ, ಹಿಡಿದು ನಿಲ್ಲುತ್ತಾಳೆ. ಟಿವಿಯಲ್ಲಿ ಬಣ್ಣದ ಚಕ್ರ ನೋಡಿದರೆ ಈ ಭಾರ ಅಂದಾಜಿಗೆ ಬರುವುದೇ ಇಲ್ಲ.

ಅಲ್ಲೇ ಲಾರಿಗೆ ಲೋಡು ನಡೆದಿತ್ತು. ಇಬ್ಬರು ಹಮಾಲರು ಚೀಲದ ಎರಡೂ ತುದಿ ಹಿಡಿದು "ಹೂಂ" ಎಂದು ಎದೆಮಟ್ಟಕ್ಕೆ ಎಸೆದರು. ಚೀಲ ಮೇಲೆ ಹೋಗಿ ಒಂದು ಗಳಿಗೆ ನಿಂತ ಹಾಗಾಯಿತು. ಅಷ್ಟರಲ್ಲಿ ಮೂರನೆಯವರು ಮೊಣಕಾಲು ಬಗ್ಗಿಸಿ, ಕೆಳಗೆ ನುಸುಳಿ, ಬೆನ್ನು ಕೊಟ್ಟಿದ್ದರು. ವಯಸ್ಸು ಐವತ್ತರ ಆಸುಪಾಸು, ನನಗಿಂತ ಸಣಕಲ. ಬಿಡುವಿನಲ್ಲಿ ಬೀಡಿ ಹಚ್ಚಿದಾಗ ಕೇಳಿದೆ, "ಕಾಕಾ, ಅಷ್ಟು ಭಾರ ಹೆಂಗ ಎತ್ತತೀರಿ?"

"ಚೀಲ ಎತ್ತಬಾರದ್ರಿ ಸರ. ಚೀಲದ ಕೆಳಗ ಹೋಗಬೇಕ್ರಿ."

ಆ ಮಾತಿನಲ್ಲಿ ಸ್ನ್ಯಾಚ್‌ನ ಅರ್ಧ ಭೌತಶಾಸ್ತ್ರ ಇದೆ. ಉಳಿದರ್ಧ ಬಿಡಿಸಿ ಹೇಳುತ್ತೇನೆ.

ಸ್ನ್ಯಾಚ್ ನೋಡುವಾಗ ಬಾರನ್ನು, ಅಂದರೆ ಚಕ್ರ ಸಿಕ್ಕಿಸಿದ ಕಬ್ಬಿಣದ ಸರಳನ್ನು, ನೆಲದಿಂದ ತಲೆಯ ಮೇಲಕ್ಕೆ ಎತ್ತಿದರು ಅಂದುಕೊಳ್ಳುತ್ತೇವೆ. ವಿಡಿಯೋ ನಿಧಾನ ಮಾಡಿ ನೋಡಿ. ಬಾರು ಎದೆಮಟ್ಟಕ್ಕಿಂತ ಹೆಚ್ಚು ಮೇಲೆ ಹೋಗುವುದೇ ಇಲ್ಲ. ಮೊದಲು ಕಾಲಿನ ಬಲದಿಂದ ನೆಲ ಬಿಡಿಸುತ್ತಾರೆ. ಬಾರು ತೊಡೆ ದಾಟುವಾಗ ಸೊಂಟ, ಮೊಣಕಾಲು, ಹಿಮ್ಮಡಿ ಮೂರೂ ಒಟ್ಟಿಗೆ ಚಿಮ್ಮುತ್ತವೆ. ಆ ಹೊತ್ತಿಗೆ ಬಾರಿನ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ಅಷ್ಟು ವೇಗದಲ್ಲಿ ಮೇಲೆ ಬಿಟ್ಟ ವಸ್ತು ತನ್ನ ಪಾಡಿಗೆ ಎಷ್ಟು ಏರುತ್ತದೆ? ವೇಗದ ವರ್ಗವನ್ನು ಎರಡು ಜಿ-ಯಿಂದ (ಜಿ ಅಂದರೆ ಭೂಮಿಯ ಸೆಳೆತದ ವೇಗೋತ್ಕರ್ಷ) ಭಾಗಿಸಿ, ಪಿಯು ಮೊದಲ ವರ್ಷದ ಲೆಕ್ಕ. 20 ಸೆಂಟಿಮೀಟರ್ ಬರುತ್ತದೆ. ಒಂದು ಗೇಣು, ಅಷ್ಟೇ. ಸಮಯ ಸೆಕೆಂಡಿನ ಐದನೇ ಒಂದು ಪಾಲು.

ಆ ಒಂದು ಗೇಣಿನ ಅವಧಿಯಲ್ಲಿ ಅವರು ಬಾರಿನ ಕೆಳಗೆ ಹೋಗಿರಬೇಕು. ಇಲ್ಲೊಂದು ತೊಡಕಿದೆ. ಸುಮ್ಮನೆ ಕಾಲು ಸಡಿಲ ಬಿಟ್ಟು ಬಿದ್ದರೆ ಅಷ್ಟು ಹೊತ್ತಿನಲ್ಲಿ ದೇಹವೂ 20 ಸೆಂಟಿಮೀಟರೇ ಇಳಿಯುತ್ತದೆ. ಕುಕ್ಕುರುಗಾಲಿನಲ್ಲಿ ಕೂರಲು ಅರ್ಧ ಮೀಟರಿಗೂ ಜಾಸ್ತಿ ಇಳಿಯಬೇಕು. ಭೂಮಿಯ ಸೆಳೆತ ಸಾಲದು! ಹಾಗಾಗಿ ಬಾರನ್ನೇ ಹಿಡಿದು ತಮ್ಮನ್ನು ತಾವೇ ಕೆಳಗೆ ಜಗ್ಗಿಕೊಳ್ಳುತ್ತಾರೆ. ನಿಂತ ಲಾರಿಗೆ ಹಗ್ಗ ಕಟ್ಟಿ ಎಳೆದರೆ ಲಾರಿ ಬರುವುದಿಲ್ಲ, ನಾವೇ ಲಾರಿ ಕಡೆ ಹೋಗುತ್ತೇವೆ ಅಲ್ವಾ? ಅದೇ ಸಂಗತಿ. ಬಾರು 88 ಕೆ.ಜಿ., ದೇಹ 49. ಎಳೆತ ಇಬ್ಬರಿಗೂ ಸಮ, ಆದರೆ ಹಗುರ ಇದ್ದವರು ಬೇಗ ಹೋಗುತ್ತಾರೆ. ತಮಗಿಂತ ಭಾರದ ಬಾರು ಅವರಿಗೆ ಗಾಳಿಯಲ್ಲಿ ತೂಗಿಬಿಟ್ಟ ಹಿಡಿಕೆ ಇದ್ದ ಹಾಗೆ. ನ್ಯೂಟನ್‌ನ ಮೂರನೇ ನಿಯಮಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗಂತೂ ಸಿಕ್ಕಿಲ್ಲ. ಪಠ್ಯದಲ್ಲಿ ಇನ್ನೂ ಬಂದೂಕು ಹಾರಿಸುತ್ತಲೇ ಇದ್ದೇವೆ.

ಕುಳ್ಳಗಿರುವುದು ಇಲ್ಲಿ ಲಾಭ. ಬಾರು ಸಾಗಬೇಕಾದ ದಾರಿ ಕಡಿಮೆ. ಕೈಕಾಲಿನ ಎಲುಬು ಗಿಡ್ಡ ಇದ್ದರೆ ಕೀಲುಗಳ ಮೇಲೆ ಬೀಳುವ ತಿರುಚು ಬಲವೂ ಕಡಿಮೆ. ಉದ್ದ ಸನಿಕೆಯ ತುದಿ ಹಿಡಿದು ಮಣ್ಣು ಎತ್ತಿದವರಿಗೆ ಇದು ಗೊತ್ತು.

ಇನ್ನು ಇರುವೆಯ ವಿಚಾರ. ಇರುವೆ ತನ್ನ ತೂಕದ ಹಲವು ಪಟ್ಟು ಹೊರುತ್ತದೆ, ಆನೆಗೆ ಆಗುವುದಿಲ್ಲ. ಕಾರಣ ಸರಳ. ಸ್ನಾಯುವಿನ ಬಲ ಇರುವುದು ಅದರ ದಪ್ಪದಲ್ಲಿ, ಅಂದರೆ ಅಡ್ಡ ಕೊಯ್ದಾಗ ಕಾಣುವ ವಿಸ್ತೀರ್ಣದಲ್ಲಿ. ತೂಕ ಇರುವುದು ಘನ ಅಳತೆಯಲ್ಲಿ. ಮನುಷ್ಯನನ್ನು ಎಲ್ಲ ಕಡೆಯಿಂದ ಎರಡು ಪಟ್ಟು ಹಿಗ್ಗಿಸಿದರೆ ಬಲ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ದೊಡ್ಡವರಾದಷ್ಟೂ ಎತ್ತುವ ಭಾರ ಏರುತ್ತದೆ, ಆದರೆ ಮೈತೂಕ ಏರಿದಷ್ಟು ಬೇಗ ಅಲ್ಲ.

ಟೋಕಿಯೊ ಒಲಿಂಪಿಕ್ಸ್‌ನ ಅಂಕಿ ಹಿಡಿದು ಇದನ್ನು ಮಗಳ ಜೊತೆ ಪರೀಕ್ಷೆ ಮಾಡಿದೆ. ಅಲ್ಲಿ 49 ಕೆ.ಜಿ. ವಿಭಾಗದಲ್ಲಿ ಚೀನಾದ ಹೌ ಝಿಹುಯಿ 210 ಕೆ.ಜಿ. ಎತ್ತಿ ಚಿನ್ನ ಗೆದ್ದರು, ಮೀರಾಬಾಯಿಗೆ 202 ಕೆ.ಜಿ.ಗೆ ಬೆಳ್ಳಿ. 59 ಕೆ.ಜಿ. ವಿಭಾಗದವರು ಎಷ್ಟು ಎತ್ತಬೇಕು? ಮೈತೂಕಕ್ಕೆ ತಕ್ಕ ಹಾಗೆ ನೇರ ಲೆಕ್ಕ ಹಾಕಿದರೆ 253. ಮೇಲಿನ ವಿಸ್ತೀರ್ಣದ ನಿಯಮದ ಪ್ರಕಾರ, ಅಂದರೆ ತೂಕದ ಮೂರನೇ ಎರಡು ಘಾತ ತೆಗೆದುಕೊಂಡರೆ, 238. ಅಲ್ಲಿ ಚಿನ್ನ ಗೆದ್ದ ತೈವಾನ್‌ನ ಕುವೊ ಸಿಂಗ್-ಚುನ್ ಎತ್ತಿದ್ದು 236! ಮಗಳು ಕ್ಯಾಲ್ಕುಲೇಟರ್ ಎರಡು ಸಲ ಒತ್ತಿ ನೋಡಿದಳು. ಗ್ಯಾಲಿಲಿಯೊ ಕಾಲದ ವಿಚಾರ ಒಲಿಂಪಿಕ್ಸ್ ಬೋರ್ಡಿನ ಮೇಲೆ ಎರಡು ಕೆ.ಜಿ. ವ್ಯತ್ಯಾಸದಲ್ಲಿ ಕೂತಿದೆ. ಎಲ್ಲ ಕಡೆ ಇಷ್ಟು ಚೆನ್ನಾಗಿ ಕೂರುವುದಿಲ್ಲ, ಅದೂ ಹೇಳಬೇಕು. ಅದೇ ಟೋಕಿಯೊದಲ್ಲಿ ಅತಿ ಭಾರದ ವಿಭಾಗದ ಲಿ ವೆನ್‌ವೆನ್ 320 ಕೆ.ಜಿ. ಎತ್ತಿದರು. ಅವರ ಮೈತೂಕ 150 ಕೆ.ಜಿ. ಆಸುಪಾಸು. ನಿಯಮ ಹಿಡಿದು ನಡೆದರೆ 440 ದಾಟಬೇಕಿತ್ತು. ಅಷ್ಟು ದೊಡ್ಡ ದೇಹದಲ್ಲಿ ತೂಕವೆಲ್ಲ ಸ್ನಾಯುವಿನದೇ ಆಗಿರುವುದಿಲ್ಲ.

ಇದಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ? ಇಲ್ಲಿ ನನಗೇ ನಗು ಬಂತು. 111 ಕೆ.ಜಿ.ಯನ್ನು ಸುಮಾರು 1.6 ಮೀಟರ್ ಎತ್ತಿದರೆ 1,740 ಜೌಲ್. ಅರ್ಧ ಕಿಲೋ ಕ್ಯಾಲರಿಯೂ ಆಗಲಿಲ್ಲ. ದೇಹದಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತದೆ ಎಂದು ಹಿಡಿದರೂ ಎರಡು ಕಿಲೋ ಕ್ಯಾಲರಿ. ಚಹಾಕ್ಕೆ ಹಾಕುವ ಒಂದು ಚಮಚ ಸಕ್ಕರೆಯ ಹತ್ತನೇ ಒಂದು ಪಾಲು! ಹಾಗಾದರೆ ಕಷ್ಟ ಯಾವುದು? ಸಮಯ. ಆ ಚಿಮ್ಮುವ ಗಳಿಗೆಯಲ್ಲಿ 49 ಕೆ.ಜಿ. ದೇಹ ಒಂದು ಎಚ್.ಪಿ.ಗಿಂತ ಜಾಸ್ತಿ ಶಕ್ತಿ ಹೊರಹಾಕುತ್ತದೆ. ನಮ್ಮ ಹೊಲದಲ್ಲಿರುವುದು ಐದು ಎಚ್.ಪಿ. ಮೋಟರು, ಅದನ್ನು ಇಬ್ಬರು ಸೇರಿ ಇಳಿಸಿದ್ದೆವು.

ಅಷ್ಟು ಕಡಿಮೆ ಹೊತ್ತಿನಲ್ಲಿ ಉಸಿರಾಟದ ಆಮ್ಲಜನಕ ಸ್ನಾಯುವಿಗೆ ಕೆಲಸಕ್ಕೇ ಬರುವುದಿಲ್ಲ. ಒಳಗೆ ಮೊದಲೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಉರಿಯಬೇಕು. ಅದು ಕೆಲವು ಸೆಕೆಂಡಿಗೆ ಮಾತ್ರ ಸಾಕು. ಇನ್ನೊಂದು, ನನ್ನ ಲೆಕ್ಕದಲ್ಲಿ ಮಗಳ ಪ್ರಶ್ನೆಗೆ ನಿಜವಾದ ಉತ್ತರ ಇದೇ: ಸ್ನಾಯು ಇದ್ದರೆ ಸಾಲದು, ಅದನ್ನು ಒಟ್ಟಿಗೆ ಎಬ್ಬಿಸಲು ನರಗಳಿಗೆ ಗೊತ್ತಿರಬೇಕು. ನಮ್ಮಂಥವರಲ್ಲಿ ಸ್ನಾಯುವಿನ ಎಳೆಗಳು ಹಿಂದೆ ಮುಂದೆ ಏಳುತ್ತವೆ, ಕೆಲವು ಏಳುವುದೇ ಇಲ್ಲ. ವರ್ಷಗಟ್ಟಲೆ ಭಾರ ಎತ್ತಿದವರಲ್ಲಿ ಮಿದುಳು ಒಮ್ಮೆ ಹೇಳಿದರೆ ಬಹುತೇಕ ಎಲ್ಲವೂ ಒಂದೇ ಏಟಿಗೆ ಜಗ್ಗುತ್ತವೆ. ಮೈತೂಕ ಏರದೆ ಬಲ ಏರುವುದು ಹೀಗೆ. ಶಕ್ತಿ ಆ ಮೂರು ಕೆ.ಜಿ.ಯಲ್ಲಿ ಇಲ್ಲ, ಉಳಿದ 46ರಲ್ಲೇ ಇದೆ. ಇದನ್ನು ಹೇಳಿದಾಗ ಮಗಳು ತನ್ನ ತೋಳು ಮುಟ್ಟಿ ನೋಡಿಕೊಂಡಳು.

ಆದರೆ ಮೈತೂಕ ಏರಬಾರದು ಅನ್ನುವುದೇ ಈ ಆಟದ ಕಾಟ. ಸ್ಪರ್ಧೆಗೆ ಎರಡು ಗಂಟೆ ಮೊದಲು ತೂಕ ನೋಡಲು ಶುರು ಮಾಡುತ್ತಾರೆ, ಒಂದು ಗಂಟೆಯೊಳಗೆ ತಮ್ಮ ವಿಭಾಗದ ಗೆರೆಯೊಳಗೆ ಬಂದಿರಬೇಕು. ಮಾಮೂಲಿ ದಿನಗಳಲ್ಲಿ ಒಂದೆರಡು ಕೆ.ಜಿ. ಜಾಸ್ತಿ ಇದ್ದು, ಕೊನೆಯ ವಾರ ಇಳಿಸುವುದು ರೂಢಿ. ಇಳಿಯುವುದು ಕೊಬ್ಬಲ್ಲ, ಬಹುಪಾಲು ನೀರು. ಸ್ನಾಯುವಿನಲ್ಲಿ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜನ್, ಅಂದರೆ ದೇಹದ ಸಕ್ಕರೆ ದಾಸ್ತಾನು, ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಅನ್ನ, ರೊಟ್ಟಿ ಕಡಿಮೆ ಮಾಡಿದ ಎರಡೇ ದಿನದಲ್ಲಿ ಕಾಟಾ ಇಳಿಯುವುದು ಅದಕ್ಕೆ. ಬೇಗ ಇಳಿಯಿತು ಎಂದು ಖುಷಿಪಡುವ ನಮ್ಮ ಸ್ಟಾಫ್ ರೂಮಿನವರಿಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ. ಇನ್ನು ಬೆವರು ಇಳಿಸುವುದು. ರಾಯಚೂರಿನ ಮೇ ತಿಂಗಳಿನಲ್ಲಿ ನಮಗೆ ಪುಕ್ಕಟೆ ಸಿಗುವುದನ್ನು ಅವರು ಬಿಸಿ ಕೋಣೆಯಲ್ಲಿ ಕೂತು ಮಾಡುತ್ತಾರೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಎಷ್ಟೋ ಮಂದಿಗೆ ಮೈಯಲ್ಲಿ ನೀರು ನಿಲ್ಲುತ್ತದೆ, ತೂಕ ಸ್ವಲ್ಪ ಏರುತ್ತದೆ. ಪ್ಯಾರಿಸ್‌ನ ಆ ರಾತ್ರಿ ತಮಗೆ ಮೂರನೇ ದಿನ ಎಂದು ಮೀರಾಬಾಯಿಯವರೇ ಬಾಯಿಬಿಟ್ಟು ಹೇಳಿದ್ದರು. ಸೋತಿದ್ದಕ್ಕೆ ನೆಪ ಅಂದವರೂ ಇದ್ದಾರೆ. ಒಂದು ಕೆ.ಜಿ. ಅಂತರದ ಆಟದಲ್ಲಿ ಮೈಯ ಸ್ಥಿತಿ ಹೇಳಿದರೆ ಅದು ನೆಪ ಹೇಗಾಗುತ್ತದೆ?

ಅಡ್ಡದಾರಿ ಹಿಡಿದವರೂ ಇದ್ದಾರೆ. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಿದ್ದು 1987ರಲ್ಲಿ, ಒಲಿಂಪಿಕ್ಸ್‌ಗೆ ಬಂದಿದ್ದು 2000ದ ಸಿಡ್ನಿಯಲ್ಲಿ. ಅಲ್ಲಿ 48 ಕೆ.ಜಿ. ವಿಭಾಗದಲ್ಲಿ ಗೆದ್ದ ಬಲ್ಗೇರಿಯಾದ ಇಜಬೆಲಾ ಡ್ರಾಗ್ನೆವಾ ಅವರ ಮೂತ್ರದಲ್ಲಿ ಫ್ಯುರೋಸೆಮೈಡ್ ಸಿಕ್ಕಿತು. ಇದು ಬಲ ಕೊಡುವ ಔಷಧವೇ ಅಲ್ಲ. ಕಾಲು ಊದಿದ ಹಿರಿಯರಿಗೆ ಡಾಕ್ಟರು ಬರೆಯುವ, ಮೂತ್ರ ಇಳಿಸುವ ಮಾತ್ರೆ. ನೀರು ಹೋದರೆ ತೂಕ ಇಳಿಯುತ್ತದೆ, ಬೇರೆ ಮದ್ದಿದ್ದರೆ ಅದೂ ತೆಳುವಾಗಿ ಮರೆಯಾಗುತ್ತದೆ. ಚಿನ್ನ ಕಿತ್ತುಕೊಂಡು ಅಮೆರಿಕದ ತಾರಾ ನಾಟ್ ಅವರಿಗೆ ಕೊಟ್ಟರು.

ಅದೇ ಸಿಡ್ನಿಯಲ್ಲಿ ನಮ್ಮ ಪಕ್ಕದ ರಾಜ್ಯದ ಕರ್ಣಂ ಮಲ್ಲೇಶ್ವರಿ 69 ಕೆ.ಜಿ. ವಿಭಾಗದಲ್ಲಿ 240 ಕೆ.ಜಿ. ಎತ್ತಿ ಕಂಚು ಗೆದ್ದರು. ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ. 1994, 1995ರಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರು 54 ಕೆ.ಜಿ. ವಿಭಾಗದಲ್ಲಿದ್ದರು ಅನ್ನುವುದು ಬಹಳ ಜನಕ್ಕೆ ನೆನಪಿಲ್ಲ. ಸಿಡ್ನಿಯಲ್ಲಿ ಅವರ ಮುಂದಿದ್ದ ಇಬ್ಬರೂ ಎತ್ತಿದ್ದು 242.5. ಚಿನ್ನ ಸಿಕ್ಕಿದ್ದು ಚೀನಾದ ಲಿನ್ ವೈನಿಂಗ್‌ಗೆ, ಮೈತೂಕ ಕಡಿಮೆ ಇತ್ತು ಅನ್ನುವ ಒಂದೇ ಕಾರಣಕ್ಕೆ. ಈಗ ಆ ನಿಯಮ ಹೋಗಿದೆ, ಸಮ ಬಂದರೆ ಮೊದಲು ಎತ್ತಿದವರು ಗೆದ್ದ ಹಾಗೆ. ಒಳ್ಳೆಯದೇ ಆಯಿತು. ಬೆವರು ಇಳಿಸುವ ಒಂದು ಕಾರಣವಾದರೂ ಕಮ್ಮಿಯಾಯಿತು.

ಮೊನ್ನೆ ಯಾರ್ಡಿಗೆ ಹೋದಾಗ ಆ ಹಮಾಲಿ ಕಾಕಾಗೆ ಮೊಬೈಲಿನಲ್ಲಿ ಮೀರಾಬಾಯಿಯ 88 ಕೆ.ಜಿ. ಸ್ನ್ಯಾಚ್ ತೋರಿಸಿದೆ. ತಲೆಯ ಟವೆಲ್ ಬಿಚ್ಚಿ ಬೆರಳು ಒರೆಸಿಕೊಂಡು ಮೊಬೈಲ್ ಹಿಡಿದರು. ಮೊದಲನೇ ಸಲ ಸುಮ್ಮನೆ ನೋಡಿದರು. ಎರಡನೇ ಸಲ ಬಾರು ತೊಡೆ ದಾಟುವಾಗ ಅವರ ಮೊಣಕಾಲೂ ಸ್ವಲ್ಪ ಬಗ್ಗಿತು.

"ನೋಡ್ರಿ, ಹೆಂಗ ಕೆಳಗ ಹೋದ್ಲು!" ಅಂದರು. "ಹುಡುಗಿ ಭಾಳ ಶಾಣ್ಯಾ ಅದಾಳ. ದಿನಕ್ಕ ಎಷ್ಟ್ ಎತ್ತತಾಳ್ರಿ?"

"ಒಲಿಂಪಿಕ್ಸ್‌ನ್ಯಾಗ ಸ್ನ್ಯಾಚ್ ಮೂರು, ಇನ್ನೊಂದು ಮೂರು. ಒಟ್ಟು ಆರು ಕಾಕಾ."

"ಆರ?" ಕಾಕಾ ಲಾರಿ ಕಡೆ ತಿರುಗಿದರು. ಇನ್ನೂ ಇನ್ನೂರು ಚೀಲ ಇದ್ದವು. ಟವೆಲ್ ಸುತ್ತಿಕೊಳ್ಳುತ್ತಾ ಕೂಗಿದರು, "ಏ ತಮ್ಮಾ, ಕೇಳಿಲ್ಲೆ, ಆರ ಅಂತ!"