ಹಳೇ ಸತ್ಯವೇದ, ಹೊಸ ಭಾಷಾಂತರ: ಮಾತು ಬದಲಾದರೆ ದೈವಪ್ರೇರಣೆ ಎಲ್ಲಿ ಉಳಿಯಿತು?

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ಸಂಜೆ ಪ್ರಾರ್ಥನೆಗೆ ಅತ್ತೆಯವರು ತಮ್ಮ ಹಳೇ ಸತ್ಯವೇದ (ಬೈಬಲ್) ತೆಗೆಯುತ್ತಾರೆ. ಮಗಳು ಮೊಬೈಲಿನಲ್ಲಿ ಹೊಸ ಭಾಷಾಂತರ ಓದುತ್ತಾಳೆ. ಎರಡರ ಮಾತೂ ಹೊಂದುವುದಿಲ್ಲ. ಅದರಲ್ಲಿ ಯೇಸು 'ಹೇಳಿದನು', ಇದರಲ್ಲಿ 'ಹೇಳಿದರು'. ಮೊನ್ನೆ ಮತ್ತಾಯ 17 ಓದುವಾಗ ಮಗಳ ಮೊಬೈಲಿನಲ್ಲಿ ಒಂದು ವಚನವೇ ಇರಲಿಲ್ಲ. ದೇವರು ಪ್ರೇರಿಸಿ ಬರೆಸಿದ ಗ್ರಂಥ ಅಂದಮೇಲೆ ಹೀಗೆ ಮಾತು ಬದಲಾಗಬಹುದೇ? ನಾವು ಯಾವುದನ್ನು ನಂಬಬೇಕು?

ಉತ್ತರ: ತಾಯಿ, ಮೊದಲು 'ಹೇಳಿದನು', 'ಹೇಳಿದರು' ನೋಡೋಣ. ಅರ್ಧ ಉತ್ತರ ಅದರಲ್ಲೇ ಇದೆ.

ಬೈಬಲಿನ ಎರಡನೇ ಭಾಗ, ಯೇಸುವಿನ ಕಥೆ ಇರುವ ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಆ ಭಾಷೆಯಲ್ಲಿ ರಾಜ ಹೇಳಿದರೂ, ಆಳು ಹೇಳಿದರೂ, ಒಬ್ಬ ಹೆಣ್ಣುಮಗಳು ಹೇಳಿದರೂ ಕ್ರಿಯಾಪದ ಒಂದೇ. ನಮ್ಮಲ್ಲಿ ಹಾಗಲ್ಲ. ಹೇಳಿದನು, ಹೇಳಿದಳು, ಹೇಳಿದರು, ಇವುಗಳಲ್ಲಿ ಒಂದನ್ನು ಆರಿಸದೆ ವಾಕ್ಯ ಮುಗಿಯುವುದೇ ಇಲ್ಲ. ಮೂಲ ಬರೆದವನು ಕೇಳಿಕೊಳ್ಳದ ಪ್ರಶ್ನೆಗೆ ಕನ್ನಡಕ್ಕೆ ತರುವವನು ಪ್ರತಿ ಸಾಲಿನಲ್ಲೂ ಉತ್ತರ ಕೊಡಲೇಬೇಕು. ಹಳಬರು 'ಆತನು ಹೇಳಿದನು' ಎಂದು ಆರಿಸಿದರು. ಕಥೋಲಿಕ ಸಭೆಯಲ್ಲಿ ಬಳಸುವ ಭಾಷಾಂತರದಲ್ಲಿ ಯೇಸು 'ಎಂದರು' ಅಂತ ಬರುತ್ತದೆ. ಇದರಲ್ಲಿ ಯಾರೂ ದೇವರ ಮಾತನ್ನು ತಿದ್ದಲಿಲ್ಲ. ಕನ್ನಡ ಕೇಳಿದ್ದನ್ನು ಕೊಟ್ಟರು, ಅಷ್ಟೇ.

ನನ್ನ ಮನಸ್ಸು ಮಾತ್ರ ಹಳೆಯದರ ಕಡೆಗೇ ವಾಲುತ್ತದೆ. ನಮ್ಮ ಕಡೆ ತಾಯಿಗೆ 'ನೀನು' ಅಂತೀವಿ, ಸಾಹೇಬರಿಗೆ 'ನೀವು' ಅಂತೀವಿ. ಶರಣರೂ ತಮ್ಮ ದೇವರನ್ನು 'ನೀನು' ಎಂದೇ ಕರೆದರು. ಅದರಲ್ಲಿರುವುದು ಸಲಿಗೆ, ಅಗೌರವ ಅಲ್ಲ. ಆದರೆ ಹೊರಗಿನಿಂದ ಬಂದು ಕೇಳುವವರಿಗೆ 'ಹೇಳಿದನು' ಒರಟಾಗಿ ಕೇಳಿಸುತ್ತದೆ ಅನ್ನೋದೂ ನಿಜ.

ಹಳೇ ಸತ್ಯವೇದದ ಮೊದಲ ವಾಕ್ಯವನ್ನು ಒಮ್ಮೆ ನಿಧಾನವಾಗಿ ಓದಿ. 'ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು.' ದೇವರು ಅನ್ನೋ ಪದ ಬಹುವಚನದ ರೂಪದಲ್ಲಿದೆ, ಉಂಟುಮಾಡಿದನು ಏಕವಚನ. ವ್ಯಾಕರಣದ ಮೇಷ್ಟ್ರು ತಪ್ಪು ಅಂತ ಗೆರೆ ಎಳೆಯಬಹುದು. ಆದರೆ ಬೈಬಲಿನ ಈ ಮೊದಲ ಭಾಗ ಬರೆದ ಹೀಬ್ರೂ ಮೂಲದಲ್ಲೂ ಹೀಗೇ ಇದೆ! 'ಎಲೋಹೀಮ್' ರೂಪದಲ್ಲಿ ಬಹುವಚನ, 'ಬಾರಾ' ಅನ್ನೋ ಕ್ರಿಯಾಪದ ಏಕವಚನ. ನಮ್ಮ ಹುಬ್ಬಳ್ಳಿ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿಯೂ 'ದೇವ್ರು ಅದಾನ ಬಿಡವ್ವಾ' ಅಂತಲೇ ಹೇಳುತ್ತಾಳೆ. ಮೂರು ಸಾವಿರ ಮೈಲಿ ಆಚೆಯ ಆ ಹಳೇ ಭಾಷೆಯ ಚಹರೆ ನಮ್ಮ ಆಡುಮಾತಿನಲ್ಲಿ ತಾನಾಗಿಯೇ ಕೂತುಬಿಟ್ಟಿದೆ. ಇದು ನನ್ನ ಗಮನಕ್ಕೆ ಬಂದ ದಿನ ಬಹಳ ಹೊತ್ತು ಅದೇ ಪುಟ ತೆರೆದುಕೊಂಡು ಕೂತಿದ್ದೆ.

ಹಾಗಂತ ಹಳೆಯದೇ ಮೂಲ ಅಂದುಕೊಳ್ಳಬೇಡಿ. ಅದೂ ಒಂದು ಕಾಲಕ್ಕೆ ಹೊಸ ಭಾಷಾಂತರವೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಮಾಡಿದ ಕೆಲಸದಿಂದ 1831ಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಿಮ್ಮ ಬೆಟಗೇರಿಗೆ ಬಂದರು. ಅವರಲ್ಲಿ ವೈಗಲ್ ಎಂಬವರು ಮುಂದೆ ನಿಂತು ಆ ಮೊದಲ ಭಾಷಾಂತರವನ್ನು ತಿದ್ದಿದರು. ಆಮೇಲೂ ತಿದ್ದುಪಡಿ ನಡೆಯಿತು. ಅತ್ತೆಯವರ ಕೈಯಲ್ಲಿರುವುದು ಹಾಗೆ ತಿದ್ದಿ ತಿದ್ದಿ ಬಂದ ಪುಸ್ತಕ.

ತಿದ್ದುವುದು ಯಾಕೆ ಬೇಕು? ಹುಬ್ಬಳ್ಳಿಯ ಒಂದು ಸಂಡೇ ಸ್ಕೂಲಿನಲ್ಲಿ ನಾನು 23ನೇ ಕೀರ್ತನೆ ಬಾಯಿಪಾಠ ಮಾಡಿಸುತ್ತಿದ್ದೆ. 'ಯೆಹೋವನು ನನಗೆ ಕುರುಬನು, ಕೊರತೆಪಡೆನು.' ಎಂಟು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತಳು. 'ಸರ್, ಕುರುಬ ಇದ್ದರೂ ನನಗ ಕೊರತಿ ಯಾಕ ಬರ್ತೈತ್ರಿ?' ಅವಳಿಗೆ 'ಕೊರತೆ ಪಡೆಯುತ್ತೇನೆ' ಅಂತ ಕೇಳಿಸಿತ್ತು! ಪಡೆನು ಅಂದರೆ ಪಡುವುದಿಲ್ಲ ಅಂತ. ಹಳಗನ್ನಡದಿಂದ ಬಂದ ನಿಷೇಧ ರೂಪ ಅದು. ನಾನು ಅವಳಿಗೆ, 'ಊಟಕ್ಕ ಕರದ್ರ ಒಲ್ಲೆ ಅಂತೀಯಲ್ಲ, ಇದೂ ಹಂಗ' ಅಂದೆ. ಆಗ ಅವಳ ಮುಖ ಅರಳಿತು. ನೋಡಿ, ಪುಸ್ತಕದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಆದರೂ ಮಗುವಿನ ಕಿವಿಯಲ್ಲಿ ಅರ್ಥ ಪೂರ್ತಿ ತಿರುಗಿ ಹೋಗಿತ್ತು. ಮಾತನ್ನು ಇದ್ದ ಹಾಗೇ ಇಟ್ಟ ಮಾತ್ರಕ್ಕೆ ಅರ್ಥ ಉಳಿಯುತ್ತದೆ ಅನ್ನುವಂತಿಲ್ಲ. ಭಾಷಾಂತರವನ್ನು ಆಗಾಗ ಹೊಸದಾಗಿ ಮಾಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ಇಲ್ಲದ ವಚನ. ಅದು ಮತ್ತಾಯ 17:21. ಈ ತರಹದ ದೆವ್ವ ಪ್ರಾರ್ಥನೆ, ಉಪವಾಸದಿಂದಲ್ಲದೆ ಬಿಡುವುದಿಲ್ಲ ಅನ್ನೋ ಮಾತು. ಇದು ಭಾಷಾಂತರದ ವಿಷಯ ಅಲ್ಲ, ಕೈಬರಹದ ಪ್ರತಿಗಳ ವಿಷಯ. ಅಚ್ಚಿನ ಯಂತ್ರ ಬರುವ ಮೊದಲು ಎಲ್ಲವನ್ನೂ ಕೈಯಿಂದ ನಕಲು ಮಾಡುತ್ತಿದ್ದರು. ಹಾಗೆ ಉಳಿದ ದೊಡ್ಡ ಹಳೇ ಪ್ರತಿಗಳಲ್ಲಿ ಎರಡು, ಸಿನಾಯಿ ಪ್ರತಿ ಮತ್ತು ವ್ಯಾಟಿಕನ್ ಪ್ರತಿ, 4ನೇ ಶತಮಾನದವು. ಅವೆರಡರಲ್ಲೂ ಮತ್ತಾಯನು ಬರೆದ ಸುವಾರ್ತೆಯಲ್ಲಿ ಈ ಸಾಲು ಇರಲಿಲ್ಲ. ಮಾರ್ಕ 9:29ರಲ್ಲಿ ಇಂಥದ್ದೇ ಮಾತಿದೆ. ಅಲ್ಲಿ ಓದಿದ್ದು ನೆನಪಿದ್ದ ನಕಲುಗಾರನೊಬ್ಬ ಇಲ್ಲಿಗೂ ಸೇರಿಸಿರಬೇಕು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ವಚನಗಳಿಗೆ ಈಗಿರುವ ಅಂಕಿ ಹಾಕಿದ್ದು 1551ರಲ್ಲಿ, ರೊಬೇರ್ ಎಸ್ತಿಯೆನ್ ಎಂಬ ಮುದ್ರಕ. ಅವನ ಮುಂದಿದ್ದ ಪಾಠದಲ್ಲಿ ಆ ಸಾಲು ಇತ್ತು, ಅದಕ್ಕೆ 21 ಅಂತ ಬಿತ್ತು. ಈಗ ಸಾಲು ಅಡಿಟಿಪ್ಪಣಿಗೆ ಹೋಗಿದೆ. ಉಳಿದ ಅಂಕಿಗಳನ್ನು ಬದಲಾಯಿಸಿದರೆ ಎಲ್ಲರಿಗೂ ಗೊಂದಲ, ಹಾಗಾಗಿ 20 ಆದಮೇಲೆ ನೇರ 22. ಮಗಳ ಮೊಬೈಲಿನಲ್ಲಿ ಯಾರೂ ಕದ್ದು ಅಳಿಸಿಲ್ಲ.

ನಮ್ಮ ಧಾರವಾಡದಲ್ಲೇ ಹುಟ್ಟಿದ ಫ.ಗು. ಹಳಕಟ್ಟಿಯವರು ಶರಣರ ವಚನಗಳ ತಾಳೆಗರಿ ಹುಡುಕಿಕೊಂಡು ಊರೂರು ತಿರುಗಿದರು. ಆ ವಚನಗಳಲ್ಲೂ ಪಾಠಾಂತರಗಳಿವೆ, ಅಂದರೆ ಪ್ರತಿಯಿಂದ ಪ್ರತಿಗೆ ಮಾತು ಬೇರೆ. ಅದಕ್ಕೆ ಬಸವಣ್ಣನವರ ಮಾತೇ ಸುಳ್ಳು ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಈಗ ಪ್ರೇರಣೆಯ ಮಾತು. ಇದೇ ಕಷ್ಟದ್ದು.

ಎಲ್ಲರೂ ಎತ್ತಿ ತೋರಿಸುವ ವಚನ 2 ತಿಮೊಥೆಯ 3:16. ಅಲ್ಲಿರುವ ಗ್ರೀಕ್ ಪದ 'ಥಿಯೋಪ್ನ್ಯುಸ್ಟೊಸ್', ದೇವರು ಉಸಿರಿದ್ದು ಅಂತ ಅರ್ಥ. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಒಂದೇ ಸಲ. ಜೊತೆಗೆ ಆ ವಾಕ್ಯದಲ್ಲಿ 'ಇದೆ' ಅನ್ನೋ ಕ್ರಿಯಾಪದವೇ ಇಲ್ಲ. ಅದನ್ನು ಎಲ್ಲಿ ಇಡುತ್ತೀರಿ ಅನ್ನೋದರ ಮೇಲೆ ಅರ್ಥ. 'ಶಾಸ್ತ್ರವೆಲ್ಲ ದೈವಪ್ರೇರಿತ, ಉಪಯುಕ್ತವೂ ಹೌದು' ಎನ್ನಬಹುದು. 'ದೈವಪ್ರೇರಿತವಾದ ಪ್ರತಿಯೊಂದು ಶಾಸ್ತ್ರವು ಉಪಯುಕ್ತ' ಎಂದೂ ಎನ್ನಬಹುದು. ನಮ್ಮ ಹಳೇ ಸತ್ಯವೇದ ಎರಡನೆಯದನ್ನು ಆರಿಸಿದೆ. ಪ್ರೇರಣೆಯ ಬಗ್ಗೆ ಹೇಳುವ ವಚನದಲ್ಲೇ ಭಾಷಾಂತರದವರು ದಾರಿ ಆರಿಸಬೇಕಾಯಿತು.

ಪ್ರೇರಣೆ ಅಂದರೆ ದೇವರು ಹೇಳಿ ಬರೆಸಿದ ಉಕ್ತಲೇಖನ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಗದಗಿನವರಿಗೆ ಈ ಭಾವನೆ ಹೊಸದಲ್ಲ. ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಅಂತ ಕುಮಾರವ್ಯಾಸನೇ ಹೇಳಿಕೊಂಡಿದ್ದಾನೆ. ಆದರೆ ಬೈಬಲಿನಲ್ಲಿ ಸುವಾರ್ತೆ ಬರೆದ ಲೂಕ ಏನು ಹೇಳುತ್ತಾನೆ? ಕಣ್ಣಾರೆ ಕಂಡವರಿಂದ ಬಂದ ಸಂಗತಿಗಳನ್ನು ಮೊದಲಿಂದ ವಿಚಾರಿಸಿ, ಕ್ರಮವಾಗಿ ಬರೆಯುತ್ತಿದ್ದೇನೆ ಅಂತ ಮೊದಲ ಸಾಲುಗಳಲ್ಲೇ ತಿಳಿಸುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅಪೊಸ್ತಲ ಪೌಲ, ನಿಮ್ಮಲ್ಲಿ ಯಾರಿಗೂ ನಾನು ದೀಕ್ಷಾಸ್ನಾನ ಮಾಡಿಸಲಿಲ್ಲ ಅಂತ ಶುರು ಮಾಡುತ್ತಾನೆ. ಮತ್ತೆ ಇಬ್ಬರ ಹೆಸರು ಹೇಳುತ್ತಾನೆ. ಆಮೇಲೆ ಸ್ತೆಫನನ ಮನೆಯವರನ್ನು ನೆನಪಿಸಿಕೊಂಡು, ಇನ್ನು ಯಾರಿಗಾದರೂ ಮಾಡಿಸಿದ್ದೆನೋ ಗೊತ್ತಿಲ್ಲ ಅನ್ನುತ್ತಾನೆ. ತಿಮೊಥೆಯನಿಗೆ ಬರೆದ ಅದೇ ಪತ್ರದಲ್ಲಿ, ಪ್ರೇರಣೆಯ ಮಾತಾದ ಮುಂದಿನ ಅಧ್ಯಾಯದಲ್ಲೇ, ತ್ರೋವ ಎಂಬ ಊರಿನಲ್ಲಿ ಬಿಟ್ಟು ಬಂದ ಮೇಲಂಗಿ ತಗೊಂಡು ಬಾ, ಪುಸ್ತಕಗಳನ್ನೂ ತಾ ಅಂತ ಕೇಳುತ್ತಾನೆ. ಚಳಿಗಾಲದ ಮುಂಚೆ ಬಾ ಅಂತಲೂ ಬೇಡುತ್ತಾನೆ. ಉಕ್ತಲೇಖನದಲ್ಲಿ ಇಂಥ ಮರೆವು, ಇಂಥ ಚಳಿ ಯಾಕೆ ಬರಬೇಕು?

ನನಗೆ ಅನ್ನಿಸುವುದು ಇಷ್ಟು. ದೇವರು ಮನುಷ್ಯರನ್ನು ಪಕ್ಕಕ್ಕೆ ಸರಿಸಿ ಮಾತಾಡಲಿಲ್ಲ. ಅವರ ಭಾಷೆ, ಅವರ ನೆನಪು, ಅವರ ಕಷ್ಟ ಎಲ್ಲವನ್ನೂ ಇಟ್ಟುಕೊಂಡೇ ಮಾತಾಡಿದ. ಇದನ್ನು ಒಪ್ಪದವರಿದ್ದಾರೆ. ಒಂದೊಂದು ಪದವೂ ದೇವರದೇ, ತಪ್ಪಿಗೆ ಜಾಗವೇ ಇಲ್ಲ ಅನ್ನುವ ನಿಲುವನ್ನು ನೂರಾರು ಇವಾಂಜೆಲಿಕಲ್ (ಬೈಬಲಿನ ಅಧಿಕಾರಕ್ಕೆ ಒತ್ತು ಕೊಡುವ ಪ್ರೊಟೆಸ್ಟಂಟ್) ಮುಖಂಡರು 1978ರಲ್ಲಿ ಷಿಕಾಗೋದಲ್ಲಿ ಸೇರಿ ಹೇಳಿಕೆಯಾಗಿ ಬರೆದರು. ಅವರನ್ನು ನಾನು ಗೌರವಿಸುತ್ತೇನೆ. ಅವರು ಕೂಡ ಆ ಮಾತು ನೇರವಾಗಿ ಸಲ್ಲುವುದು ಮೊದಲು ಬರೆದ ಮೂಲ ಹಾಳೆಗಳಿಗೆ, ನಕಲು ಮತ್ತು ಭಾಷಾಂತರಗಳಿಗೆ ಅವು ಮೂಲಕ್ಕೆ ನಿಷ್ಠವಾಗಿರುವಷ್ಟು ಮಟ್ಟಿಗೆ ಅಂತಲೇ ಹೇಳಿದ್ದಾರೆ. ಆ ಮೂಲ ಹಾಳೆಗಳು ಇವತ್ತು ಒಂದೂ ಉಳಿದಿಲ್ಲ. ಹಾಗಾಗಿ ಅವರ ಲೆಕ್ಕದಲ್ಲೂ ಅತ್ತೆಯವರ ಪುಸ್ತಕ, ಮಗಳ ಮೊಬೈಲು ಎರಡೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಯಾವುದನ್ನು ನಂಬಬೇಕು ಅಂದಿರಲ್ಲ. ಎರಡನ್ನೂ ಓದಿ. ಕೀರ್ತನೆಯನ್ನು ಅತ್ತೆಯವರೇ ಓದಲಿ, ಆ ಹಳೇ ಕನ್ನಡದ ಲಯ ಅವರ ಬಾಯಲ್ಲಿ ಕೂತಿದೆ. ಪೌಲನ ಪತ್ರಗಳನ್ನು ಮಗಳು ಹೊಸದರಲ್ಲಿ ಓದಲಿ, ಹಳೆಯದರಲ್ಲಿ ಆ ಉದ್ದ ವಾಕ್ಯಗಳು ದೊಡ್ಡವರಿಗೂ ಹತ್ತುವುದಿಲ್ಲ. ಮಾತು ಬೇರೆ ಬಂದ ಕಡೆ ಸುಮ್ನೆ ಮುಂದೆ ಹೋಗಬೇಡಿ, ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ. ಭಾನುವಾರ ಆರಾಧನೆ ಮುಗಿದ ಮೇಲೆ ಆ ಗುರುತುಗಳನ್ನು ಪಾಸ್ಟರ್ ಮುಂದೆ ಇಡಿ. ಮೊದಲು 23ನೇ ಕೀರ್ತನೆಯಿಂದ ಶುರು ಮಾಡಿ. 'ಕೊರತೆಪಡೆನು' ಅಂದರೇನು ಅಂತ ಮಗಳನ್ನೇ ಕೇಳಿ ನೋಡಿ.