ಕಿಡಿ ಯಾವಾಗ ಹಾರಬೇಕು? ಪೆಟ್ರೋಲ್ ಎಂಜಿನ್ನಿನ ಹಳೇ ತಲೆನೋವು

ಪೆಟ್ರೋಲ್ ಕಾರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಕಿಡಿ ಹಾರಬೇಕು. ನಾಲ್ಕು ಸಿಲಿಂಡರ್ ಇದ್ದರೆ ಒಟ್ಟು 100. ಕಿಡಿ ತಾಗಿದ ತಕ್ಷಣ ಒಳಗಿರುವುದೆಲ್ಲ ಢಮ್ ಅಂತ ಸಿಡಿಯುತ್ತದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಾಗುವುದಿಲ್ಲ. ಪ್ಲಗ್ಗಿನ ತುದಿಯಲ್ಲಿ ಹತ್ತಿದ ಬೆಂಕಿ ಸಿಲಿಂಡರ್ ಪೂರ್ತಿ ಹರಡಲು ಸುಮಾರು 2 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿ ಬದಲಿಸುವ ದಂಡ) 36 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಅದಕ್ಕೇ ಪಿಸ್ಟನ್ ಪೂರ್ತಿ ಮೇಲೆ ಬರುವ ಮೊದಲೇ ಕಿಡಿ ಕೊಡಬೇಕು. ಎಷ್ಟು ಮೊದಲು? ಎಂಜಿನ್ನಿನ ವೇಗ, ಅದರ ಮೇಲಿನ ಭಾರ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಕಿಡಿ ಹುಟ್ಟಿಸುವ ದಾರಿ ಬೇಗ ಸಿಕ್ಕಿತು. ಈ ಹೊತ್ತಿನ ಲೆಕ್ಕ ಮಾತ್ರ ನೂರು ವರ್ಷ ತಲೆ ತಿಂದಿತು.

1885ರ ಸುಮಾರಿಗೆ ಜರ್ಮನಿಯಲ್ಲಿ ಡೈಮ್ಲರ್ ಮತ್ತು ಮೇಬ್ಯಾಕ್ ಕಿಡಿಯ ತಂಟೆಗೇ ಹೋಗಲಿಲ್ಲ. ಸಿಲಿಂಡರಿಗೆ ಒಂದು ಸಣ್ಣ ಕೊಳವೆ ಸೇರಿಸಿ, ಹೊರಗಿನಿಂದ ಬರ್ನರ್ ಹಚ್ಚಿ ಅದನ್ನು ಕೆಂಪಗೆ ಕಾಯಿಸಿದರು. ಒತ್ತಡ ಏರಿದಾಗ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಆ ಕೊಳವೆಗೆ ನುಗ್ಗಿ ಹತ್ತಿಕೊಳ್ಳುತ್ತಿತ್ತು. ಯಾವ ಕ್ಷಣಕ್ಕೆ ಅನ್ನುವುದು ಕೊಳವೆಯ ಇಷ್ಟ! ಪಕ್ಕದಲ್ಲೇ ಪೆಟ್ರೋಲ್ ಇಟ್ಟುಕೊಂಡು ಬೆಂಕಿ ಉರಿಸುವ ಧೈರ್ಯವೂ ಬೇಕಿತ್ತು. ಅದೇ ಕಾಲದಲ್ಲಿ ಕಾರ್ಲ್ ಬೆಂಜ್ ಬ್ಯಾಟರಿ ಮತ್ತು ಕಾಯಿಲ್ (ಸುರುಳಿ ಸುತ್ತಿದ ತಂತಿ) ಹಿಡಿದರು. ದಾರಿ ಸರಿಯಿತ್ತು, ಆದರೆ ಆಗಿನ ಬ್ಯಾಟರಿಗಳಿಗೆ ತಾಕತ್ತು ಸಾಲುತ್ತಿರಲಿಲ್ಲ.

ಬ್ಯಾಟರಿಯೇ ಬೇಡ ಎಂದದ್ದು ಮ್ಯಾಗ್ನೆಟೊ. ಎಂಜಿನ್ ತಿರುಗಿದರೆ ಸಾಕು, ಅದೇ ಕರೆಂಟ್ ಹುಟ್ಟಿಸುತ್ತದೆ. ಸ್ಟುಟ್‌ಗಾರ್ಟ್‌ನ ರಾಬರ್ಟ್ ಬಾಷ್ 1887ರಲ್ಲಿ ಒಂದು ಕಡೆ ನಿಲ್ಲಿಸಿ ಓಡಿಸುವ ಎಂಜಿನ್ನಿಗೆ ಇದನ್ನು ಮಾಡಿಕೊಟ್ಟರು. 1902ರಲ್ಲಿ ಅವರ ಎಂಜಿನಿಯರ್ ಗಾಟ್ಲೋಬ್ ಹೊನೊಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ತಂದರು.

ಸರಿ, ಹೊತ್ತು ನೋಡುವವರು ಯಾರು? ಡ್ರೈವರ್! ಫೋರ್ಡ್ ಮಾಡೆಲ್ ಟಿ ಕಾರಿನ ಸ್ಟೀರಿಂಗ್ ಕೆಳಗೆ ಎರಡು ಲಿವರ್ ಇದ್ದವು. ಬಲಗಡೆಯದು ಥ್ರಾಟಲ್, ಎಡಗಡೆಯದು ಕಿಡಿಗೆ. ವೇಗ ಏರಿದಂತೆ ಕಿಡಿಯನ್ನು ಮುಂಚಿತ ಮಾಡಬೇಕು, ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವಾಗ ತಡ ಮಾಡಬೇಕು. ಮರೆತರೆ ಎಂಜಿನ್ ಹಿಂದಕ್ಕೆ ಒದೆಯುತ್ತಿತ್ತು. ಹಾಗೆ ಕೈ ಮುರಿದುಕೊಂಡವರು ಕಡಿಮೆ ಜನ ಅಲ್ಲ.

ಮತ್ತೆ ಬ್ಯಾಟರಿಗೆ ಮರಳಿದ್ದು ಅಮೆರಿಕದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್. ಅವರ ಡೆಲ್ಕೋ ಕಂಪನಿಯ ಇಗ್ನಿಷನ್ (ಕಿಡಿ ಕೊಡುವ ಏರ್ಪಾಡು) 1910ರ ಕ್ಯಾಡಿಲ್ಯಾಕ್ ಕಾರುಗಳಿಗೆ ಬಂತು. ಅದರ ಗುಟ್ಟು ಹೀಗಿದೆ. ಜೋರಾಗಿ ಹರಿಯುವ ನಲ್ಲಿಯನ್ನು ಒಮ್ಮೆಲೇ ಮುಚ್ಚಿದರೆ ಪೈಪು ದಡ್ ಅನ್ನುತ್ತದೆ ಅಲ್ವಾ? ಕಾಯಿಲ್‌ನಲ್ಲಿ ಹರಿಯುವ ಕರೆಂಟನ್ನು ತಟ್ಟನೆ ಕಡಿದರೂ ಹಾಗೇ, ವೋಲ್ಟೇಜ್ ಚಿಮ್ಮುತ್ತದೆ. ದಪ್ಪ ತಂತಿಯ ಸುತ್ತಿನಲ್ಲಿ ಅದು ಇನ್ನೂರು ಮುನ್ನೂರು ವೋಲ್ಟ್. ಅದರ ಜೊತೆಗಿರುವ ಸಣ್ಣ ತಂತಿಗೆ ಸುಮಾರು ನೂರು ಪಟ್ಟು ಜಾಸ್ತಿ ಸುತ್ತು ಇರುವುದರಿಂದ ಅಲ್ಲಿ 20,000 ವೋಲ್ಟ್ ದಾಟುತ್ತದೆ. ಕರೆಂಟ್ ಕಡಿಯುವ ಕೆಲಸ ಪಾಯಿಂಟ್‌ನದು, ಅಂದರೆ ಎಂಜಿನ್ ತಿರುಗಿದಂತೆ ಕೂಡಿ ಬಿಚ್ಚುವ ಪುಟ್ಟ ಸ್ವಿಚ್‌ನದು. ಪಾಯಿಂಟ್ ಬಿಚ್ಚುವಾಗ ಅಲ್ಲೇ ಕಿಡಿ ಹಾರಿ ಸುಡದಂತೆ ನೋಡಿಕೊಳ್ಳುವುದು ಕಂಡೆನ್ಸರ್. ಯಾವ ಪ್ಲಗ್ಗಿಗೆ ಸರದಿ ಅಂತ ಹಂಚುವುದು ಡಿಸ್ಟ್ರಿಬ್ಯೂಟರ್. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಡೆಲ್ಕೋ ಅಂತಲೇ ಹೆಸರು. ಮುಂದೆ ಅದರೊಳಗೆ ಕೂತ ಸಣ್ಣ ತೂಕಗಳು ವೇಗ ಏರಿದಂತೆ ಹೊರಕ್ಕೆ ಸರಿದು, ಕಿಡಿಯನ್ನು ತಾವೇ ಮುಂಚಿತ ಮಾಡತೊಡಗಿದವು. ಡ್ರೈವರಿನ ಲಿವರ್ ಹೋಯಿತು.

ಆ ಕಾಲದಲ್ಲಿ ಎಂಜಿನ್ ನಾಕಿಂಗ್ ಹೊಡೆದರೆ, ಅಂದರೆ ಒಳಗಿನ ಮಿಶ್ರಣ ತಾನಾಗಿಯೇ ಸಿಡಿದು ಟಕಟಕ ಸದ್ದು ಬಂದರೆ, ಜನ ಕೆಟರಿಂಗ್‌ನ ಇಗ್ನಿಷನ್ನನ್ನೇ ಬೈಯುತ್ತಿದ್ದರು. ತಪ್ಪು ಪೆಟ್ರೋಲಿನದು ಎಂದು ತೋರಿಸಲು ಅವರು ಸಂಶೋಧನೆಗೆ ಇಳಿದರು. 1921ರಲ್ಲಿ ಅವರ ಸಹಾಯಕ ಥಾಮಸ್ ಮಿಡ್ಜ್‌ಲಿ ನಾಕಿಂಗ್‌ಗೆ ಮದ್ದು ಕಂಡುಹಿಡಿದರು: ಪೆಟ್ರೋಲಿಗೆ ಸೀಸ ಬೆರೆಸುವುದು. ಆ ವಿಷ ಭಾರತದ ಪೆಟ್ರೋಲ್ ಬಂಕುಗಳಿಂದ ಹೋಗಲು 2000ನೇ ಇಸವಿ ಬರಬೇಕಾಯಿತು.

ಅಂಬಾಸಿಡರ್, ಪದ್ಮಿನಿ ಓಡಿಸಿದವರಿಗೆ ಪಾಯಿಂಟ್‌ನ ಕಾಟ ಗೊತ್ತು. ಅದು ಸವೆಯುತ್ತದೆ, ಕರಕಾಗುತ್ತದೆ. ಗ್ಯಾಪ್ ಒಂದಿಷ್ಟು ಬದಲಾದರೂ ಟೈಮಿಂಗ್ ಕೆಡುತ್ತದೆ, ಪಿಕಪ್ ಬೀಳುತ್ತದೆ. ಗ್ಯಾರೇಜಿನವರು ಉಜ್ಜಿ, ಫೀಲರ್ ಗೇಜ್ ಇಟ್ಟು ಸರಿಮಾಡುತ್ತಿದ್ದರು. ಪ್ಲಗ್ಗಿಗೆ ಮಾತ್ರ ದೂರ ಹೋಗಬೇಕಿರಲಿಲ್ಲ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ, ಬಾಷ್ ಜೊತೆಗೂಡಿ ಅದನ್ನು ಇಲ್ಲೇ ತಯಾರಿಸುತ್ತಿತ್ತು. ಮೈಕೋ ಲೇಔಟ್ ಅನ್ನುವ ಹೆಸರು ಬಂದಿದ್ದೂ ಆ ಕಂಪನಿಯಿಂದಲೇ.

ಪಾಯಿಂಟನ್ನು ಮನೆಗೆ ಕಳಿಸಿದ್ದು ಹೊಗೆಯ ಕಾನೂನು ಎನ್ನುವುದು ನನ್ನ ಲೆಕ್ಕ. ಅದಕ್ಕಿಂತ ಮೊದಲೇ ಟ್ರಾನ್ಸಿಸ್ಟರ್ ಇಗ್ನಿಷನ್ ಬಂದಿತ್ತು, ಯಾರಿಗೂ ಅವಸರವಿರಲಿಲ್ಲ. ಅಮೆರಿಕ 1970ರಲ್ಲಿ ಹೊಗೆಯ ನಿಯಮ ಬಿಗಿ ಮಾಡಿತು. 1973ಕ್ಕೆ ಕ್ರೈಸ್ಲರ್ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿತು, 1975ಕ್ಕೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಒಂದು ಕಿಡಿ ತಪ್ಪಿದರೆ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದನ್ನೇ ಸುಡುತ್ತದೆ. ಸವೆಯುವ ಪಾಯಿಂಟನ್ನು ನಂಬಿ ಕೂರುವ ಕಾಲ ಮುಗಿಯಿತು.

ಈಗ ಹೊತ್ತು ನೋಡುವುದು ಕಂಪ್ಯೂಟರ್. ಬಹಳಷ್ಟು ಕಾರುಗಳಲ್ಲಿ ಕ್ರ್ಯಾಂಕಿನ ಜೊತೆ ತಿರುಗುವ ಚಕ್ರಕ್ಕೆ 60 ಹಲ್ಲಿನ ಜಾಗ, ಅದರಲ್ಲಿ ಎರಡು ಬೇಕೆಂದೇ ಖಾಲಿ. ಆ ಖಾಲಿ ಜಾಗ ಸೆನ್ಸರ್ ಮುಂದೆ ಹಾದಾಗ ಪಿಸ್ಟನ್ ಎಲ್ಲಿದೆ ಅಂತ ಗೊತ್ತಾಗುತ್ತದೆ. ನಾಕ್ ಸೆನ್ಸರ್ ಕಿವಿಗೊಟ್ಟು ಕೂತಿರುತ್ತದೆ. ನಾಕಿಂಗ್ ಶುರುವಾದರೆ ಕಿಡಿಯನ್ನು ಸ್ವಲ್ಪ ತಡ ಮಾಡುತ್ತದೆ ಕಂಪ್ಯೂಟರ್. ಒಂದೊಂದು ಪ್ಲಗ್ಗಿನ ತಲೆ ಮೇಲೂ ಒಂದೊಂದು ಕಾಯಿಲ್. ಡಿಸ್ಟ್ರಿಬ್ಯೂಟರ್ ಇಲ್ಲ. ಆದರೂ ಒಳಗೆ ನಡೆಯುವುದು ಕೆಟರಿಂಗ್ ಮಾಡಿದ್ದೇ, ಕರೆಂಟ್ ಹರಿಸಿ ತಟ್ಟನೆ ಕಡಿಯುವುದು.

ಹಳೇ ಮೆಕ್ಯಾನಿಕ್‌ಗಳು ಯಾವ ಸಿಲಿಂಡರ್ ಮಿಸ್ಸಿಂಗ್ ಅಂತ ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪ್ಲಗ್ ವೈರ್ ಎಳೆದು ನೋಡುತ್ತಿದ್ದರು. ಈಗಿನ ಕಾರಿನಲ್ಲಿ ಅದು ಬೇಡ. ಜೋರು ಶಾಕ್ ಹೊಡೆಯುತ್ತದೆ, ಕನ್ವರ್ಟರೂ ಹಾಳಾಗುತ್ತದೆ. ಸ್ಕ್ಯಾನರ್ ಹಾಕಿದಾಗ ಪಿ0301 ಅಂತ ಬಂದರೆ ಒಂದನೇ ಸಿಲಿಂಡರ್, ಪಿ0302 ಅಂದರೆ ಎರಡನೆಯದು. ಚೆಕ್ ಎಂಜಿನ್ ದೀಪ ಸುಮ್ನೆ ಉರಿಯುತ್ತಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಮಿನುಗುತ್ತಿದ್ದರೆ ಕಿಡಿ ವಿಪರೀತ ತಪ್ಪುತ್ತಿದೆ ಎಂದರ್ಥ. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಕಾಯಿಲ್ ಬದಲಾಯಿಸುವ ಖರ್ಚಿಗಿಂತ ಕನ್ವರ್ಟರಿನ ಖರ್ಚು ಬಹಳ ಜಾಸ್ತಿ.